ರಿಸರ್ಚ್ ಲ್ಯಾಬ್ ತೆಗೆದುಕೊಳ್ಳಬೇಕಾ, ಟೀಚರ್?

(ಕಾಸರಗೋಡಿನಲ್ಲಿ ಜೀವವಿಜ್ಞಾನದ ಪದವಿ ವಿದ್ಯಾರ್ಥಿಗಳ ಮುಂದೆ ಕನ್ನಡದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಾ ಉಂಟಾ? ಸರಿ. ಫ್ಯಾನಿನ ಸದ್ದಿನಲ್ಲಿ ಕೇಳಿಸದೇ ಹೋದರೆ ಕೈ ಎತ್ತಿ, ಜೋರಾಗಿ ಹೇಳ್ತೇನೆ.

ನನಗೆ ಕೊಟ್ಟ ವಿಷಯ 'ಜೀವವಿಜ್ಞಾನದಲ್ಲಿ ಸಂಶೋಧನೆಯ ಅವಕಾಶಗಳು'. ದೊಡ್ಡ ಹೆಸರು. ಅದನ್ನು ಸ್ವಲ್ಪ ಕುಗ್ಗಿಸುತ್ತೇನೆ. ಯಾಕೆಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೀವು ಅವಕಾಶಗಳ ಬಗ್ಗೆ ಕೇಳುವುದಿಲ್ಲ. ಕೇಳುವುದು ಇಷ್ಟೇ: "ಟೀಚರ್, ಆ ರಿಸರ್ಚ್ ಲ್ಯಾಬ್ ತೆಗೆದುಕೊಳ್ಳಬೇಕಾ? ತುಂಬಾ ಕಷ್ಟ ಅಂತಾರಲ್ಲ?" ಇವತ್ತು ಅದನ್ನೇ ಮಾತಾಡೋಣ.

ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದದ್ದು 2024ರಲ್ಲಿ. ಆ ವರ್ಷ ಸೇರಿದವರೇ ಮೊದಲ ಬ್ಯಾಚ್. ಮೂರು ವರ್ಷ ಮುಗಿಸಿ ಡಿಗ್ರಿ ಹಿಡಿದುಕೊಂಡು ಹೋಗಬಹುದು. ನಾಲ್ಕನೆಯ ವರ್ಷ ಉಳಿದರೆ ಆನರ್ಸ್. ಅದರಲ್ಲಿ ಸಂಶೋಧನೆ ಸೇರಿದರೆ ಆನರ್ಸ್ ವಿತ್ ರಿಸರ್ಚ್. ನೀವು ರಿಸರ್ಚ್ ಲ್ಯಾಬ್ ಎನ್ನುವುದು ಇದನ್ನೇ. "ನೀನು ಮಾಡಿದೆಯಲ್ಲ, ಹೇಗಿತ್ತು?" ಅಂತ ಕೇಳಲು ಈ ಬ್ಯಾಚಿಗೆ ಸೀನಿಯರ್‌ಗಳೇ ಇಲ್ಲ. ಮನೆಯಲ್ಲಿ ಕೇಳಿದರೆ ಅಪ್ಪ ಅಮ್ಮನಿಗೂ ಇದು ಹೊಸತು.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ಡಿಸೆಂಬರಿನಲ್ಲಿ ಇದರ ಚೌಕಟ್ಟು ಹೊರಡಿಸಿತು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಇದ್ದವರು ನಾಲ್ಕನೆಯ ವರ್ಷ ಸಂಶೋಧನೆ ಆರಿಸಿಕೊಳ್ಳಬಹುದು ಎಂದು ಅದರಲ್ಲಿದೆ. ಆ ಪ್ರಾಜೆಕ್ಟಿಗೆ 12 ಕ್ರೆಡಿಟ್. ಈ 75 ಎಂಬ ಸಂಖ್ಯೆ ನಮ್ಮ ಮನೆಗಳಲ್ಲಿ ತುಂಬಾ ಕೆಲಸ ಮಾಡುತ್ತದೆ. "ಮಾರ್ಕ್ ಉಂಟಲ್ಲ, ಮತ್ತೆಂತ ಯೋಚನೆ? ತೆಗೆದುಕೋ." ಅಥವಾ, "74 ಬಂತು, ಪಾಪ, ಅವನಿಗೆ ರಿಸರ್ಚಿನ ತಲೆ ಇಲ್ಲ." ಎರಡೂ ಮಾತು ಸರಿಯಲ್ಲ. 75 ಇದ್ದರೆ ಅರ್ಜಿ ಹಾಕಬಹುದು, ಅಷ್ಟೇ. ಹಾಕಲೇಬೇಕು ಎನ್ನಲು ಅದು ಕಾರಣ ಆಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಈ ಕೋರ್ಸ್ ಮೊದಲು ಕೇಳುವುದು ನಿಮ್ಮ ಹೊತ್ತು. ಬುದ್ಧಿ ಆಮೇಲೆ. ಮಾರ್ಕ್ ಲಿಸ್ಟ್ ಬದಿಗಿಡಿ. ನಿಮ್ಮ ಒಂದು ವಾರ ಹೇಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಗಂಟೆಗೆ ಮನೆ ಬಿಡುತ್ತೀರಿ, ಎಷ್ಟು ಗಂಟೆಯ ಬಸ್ಸು, ಭಾನುವಾರ ತೋಟದಲ್ಲಿ ಏನು ಕೆಲಸ, ಸಂಜೆ ಪಿಎಸ್‌ಸಿ ಕೋಚಿಂಗ್ ಇದೆಯಾ, ಟ್ಯೂಷನ್ ಕೊಡುತ್ತೀರಾ. ಉತ್ತರ ಮುಕ್ಕಾಲು ಪಾಲು ಆ ಹಾಳೆಯಲ್ಲೇ ಇರುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ನೊಣದ ಕಥೆ ಕೇಳಿ. ನೊಣ ಅಂದರೆ ಡ್ರಾಸೊಫಿಲಾ. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ಹಣ್ಣುನೊಣ. ಇವುಗಳಿಗೆ ಆಹಾರ ಮಾಡುವುದು ಸುಲಭ. ರವೆ, ಬೆಲ್ಲ, ಅಗರ್, ನೀರು ಬೇಯಿಸಿ, ಬೂಷ್ಟು ಬಾರದಂತೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್ ಹಾಕಿ ಬಾಟಲಿಗೆ ಸುರಿಯುವುದು. ಕೊನೆಯದ್ದನ್ನು ಬಿಟ್ಟರೆ ನಮ್ಮ ಸಿಹಿ ಸಜ್ಜಿಗೆಯ ಹಾಗೆಯೇ! ನೊಣಗಳನ್ನು ತರಿಸುವುದೂ ಸುಲಭ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರಾಸೊಫಿಲಾ ಸ್ಟಾಕ್ ಸೆಂಟರ್ ಇದೆ. ಅಲ್ಲಿಂದ ಬೇರೆಬೇರೆ ತಳಿಗಳು ಸಿಗುತ್ತವೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಹತ್ತು ದಿನ ಸಾಕು. ಅಂದರೆ ಒಂದು ಸೆಮಿಸ್ಟರಿನೊಳಗೆ ಹಲವು ತಲೆಮಾರು ನೋಡಬಹುದು.

ಕಷ್ಟ ಶುರುವಾಗುವುದು ಇಲ್ಲಿಂದ. ಕ್ರಾಸ್ ಮಾಡಬೇಕಾದರೆ, ಅಂದರೆ ಒಂದು ತಳಿಯ ಗಂಡನ್ನು ಇನ್ನೊಂದು ತಳಿಯ ಹೆಣ್ಣಿಗೆ ಕೂಡಿಸಬೇಕಾದರೆ, ಗಂಡು ಸೇರದ ಹೆಣ್ಣು ನೊಣ ಬೇಕು. ಹೆಣ್ಣು ನೊಣ ಗಂಡಿನ ವೀರ್ಯವನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಒಮ್ಮೆ ಬೇರೆ ಗಂಡಿನ ಜೊತೆ ಸೇರಿದರೆ ನಿಮ್ಮ ಲೆಕ್ಕ ಎಲ್ಲ ತಲೆಕೆಳಗು. ಪ್ಯೂಪಾದ ಗೂಡಿನಿಂದ ಹೊರಬಂದ ಸುಮಾರು ಎಂಟು ಗಂಟೆಯವರೆಗೆ ಅದು ಗಂಡನ್ನು ಸೇರುವುದಿಲ್ಲ. ಅಷ್ಟರೊಳಗೆ ನೀವು ಅದನ್ನು ಬೇರೆ ಮಾಡಬೇಕು. ಹೆಚ್ಚಿನವು ಹೊರಬರುವುದು ಬೆಳಿಗ್ಗೆ. ಆದ್ದರಿಂದ ಬೆಳಿಗ್ಗೆ ಬಂದು ಬಾಟಲಿಯಲ್ಲಿರುವ ನೊಣಗಳನ್ನೆಲ್ಲ ಖಾಲಿ ಮಾಡಬೇಕು. ಮತ್ತೆ ಮಧ್ಯಾಹ್ನ ಬಂದು ಹೊಸದಾಗಿ ಹುಟ್ಟಿದವುಗಳಲ್ಲಿ ಹೆಣ್ಣನ್ನು ಆರಿಸಬೇಕು. ಸಂಜೆ ಇನ್ನೊಮ್ಮೆ. ಮರುದಿನವೂ ಇದೇ. ನೊಣಕ್ಕೆ ಎರಡನೇ ಶನಿವಾರ ಗೊತ್ತಿಲ್ಲ. ಓಣಂ ರಜೆ ಗೊತ್ತಿಲ್ಲ. ಜುಲೈಯಲ್ಲಿ ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ನೀವು ಕಾಯುವ ಕಲೆಕ್ಟರ ಮಳೆ ರಜೆಯೂ ಅದಕ್ಕೆ ಗೊತ್ತಿಲ್ಲ.

ಇನ್ನು ನಮ್ಮ ಹವೆ. ಮಳೆಗಾಲದಲ್ಲಿ ಎಷ್ಟು ಆಸಿಡ್ ಹಾಕಿದರೂ ಬಾಟಲಿಗೆ ಬೂಷ್ಟು. ಏಪ್ರಿಲ್ ತಿಂಗಳಲ್ಲಿ ಇನ್ನೊಂದು ತೊಂದರೆ. 30 ಡಿಗ್ರಿಯ ಹತ್ತಿರ ಹೋದರೆ ಗಂಡು ನೊಣಗಳ ಸಂತಾನಶಕ್ತಿ ಹೋಗಲು ಶುರು. ಇನ್‌ಕ್ಯುಬೇಟರ್ ಇಲ್ಲದ ಲ್ಯಾಬಿನಲ್ಲಿ ಬೇಸಿಗೆಯ ಪ್ರಾಜೆಕ್ಟ್ ಎಂದರೆ ಅರ್ಧ ಪ್ರಾರ್ಥನೆ. ಇನ್‌ಕ್ಯುಬೇಟರ್ ಇದ್ದರೂ ಕರೆಂಟ್ ಇರಬೇಕಲ್ಲ!

ಇದು ನೊಣದ್ದು ಮಾತ್ರ ಅಲ್ಲ. ಬ್ಯಾಕ್ಟೀರಿಯಾ ಪ್ಲೇಟ್ ಹಾಕಿದರೆ, ಅಂದರೆ ತಟ್ಟೆಯಲ್ಲಿ ಬೆಳೆಯಲು ಇಟ್ಟರೆ, ಮರುದಿನ ಅದೇ ಹೊತ್ತಿಗೆ ನೋಡಬೇಕು. ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್ 121 ಡಿಗ್ರಿಯಲ್ಲಿ ಇಡುವುದು ಹದಿನೈದು ಇಪ್ಪತ್ತು ನಿಮಿಷ ಎಂದು ಪುಸ್ತಕದಲ್ಲಿದೆ. ಅದು ಬಿಸಿಯಾಗುವುದು, ತಣಿಯುವುದು, ಅದಕ್ಕಿಂತ ಮೊದಲು ನಿಮ್ಮ ಸರದಿ ಬರುವುದು, ಇದೆಲ್ಲ ಪುಸ್ತಕದಲ್ಲಿಲ್ಲ. ಪ್ರಾಕ್ಟಿಕಲ್‌ನ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಎರಡು ಗಂಟೆ ಎಂದು ಲೆಕ್ಕ. 12 ಕ್ರೆಡಿಟ್ ಒಂದೇ ಸೆಮಿಸ್ಟರಿಗೆ ಬಂದರೆ ವಾರಕ್ಕೆ 24 ಗಂಟೆ. ಕಾಗದದ ಮೇಲೆ ಅಷ್ಟು. ಆ 24 ಗಂಟೆಯೂ ನಿಮಗೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಅದು ಹುಳಕ್ಕೆ, ಬೀಜಕ್ಕೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಹೊತ್ತಿಗೆ ಬರುತ್ತದೆ. ತೊಂದರೆ ಇರುವುದು ಅಲ್ಲೇ.

ಹಾಗಾದರೆ ಯಾರಾದರೂ ಯಾಕೆ ತೆಗೆದುಕೊಳ್ಳಬೇಕು? ಇದಕ್ಕೆ ಉತ್ತರವಾಗಿ ಒಂದು ಬದನೆಕಾಯಿಯ ಸಂಗತಿ ಹೇಳುತ್ತೇನೆ. ನಡೆದದ್ದು ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ, 2010ರಲ್ಲಿ. ಅಲ್ಲಿನ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದಲ್ಲಿ ಲಿಲ್ಲಿ ಹೋಲ್ಸ್ಟ್ ಎಂಬ ವಿದ್ಯಾರ್ಥಿನಿ ಇಂಥದ್ದೇ ಒಂದು ಲ್ಯಾಬ್ ಕೋರ್ಸಿಗೆ ಸೇರಿದ್ದಳು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳು ಇರುತ್ತವೆ, ಫೇಜ್ ಅಂತ ಹೆಸರು. ಪ್ರತಿಯೊಬ್ಬ ವಿದ್ಯಾರ್ಥಿ ತನ್ನದೇ ಒಂದು ಫೇಜ್ ಹುಡುಕಿ ತರಬೇಕು. ಕೋರ್ಸಿನ ಕೆಲಸವೇ ಅದು. ಇವಳು ಗೊಬ್ಬರದ ರಾಶಿಯಲ್ಲಿ ಕೊಳೆಯುತ್ತಿದ್ದ ಒಂದು ಬದನೆಕಾಯಿಯ ಅಡಿಯಿಂದ ಸ್ಯಾಂಪಲ್ ತೆಗೆದಳು. ಅದರಲ್ಲಿ ಹೊಸ ಫೇಜ್ ಸಿಕ್ಕಿತು. 'ಮಡ್ಡಿ' ಎಂದು ಹೆಸರಿಟ್ಟರು. ಅದು ಫ್ರೀಜರಿಗೆ ಹೋಯಿತು. ಕೋರ್ಸ್ ಮುಗಿಯಿತು.

ವರ್ಷಗಳಾದ ಮೇಲೆ ಲಂಡನ್ನಿನ ಆಸ್ಪತ್ರೆಯಲ್ಲಿ ಹದಿನೈದು ವರ್ಷದ ಒಬ್ಬ ಹುಡುಗಿ ಇದ್ದಳು. ಎರಡೂ ಶ್ವಾಸಕೋಶ ಬದಲಿಸಿದ್ದರು. ಆಮೇಲೆ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಸೋಂಕು ಹತ್ತಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಬಳಿ ವಿದ್ಯಾರ್ಥಿಗಳು ಹುಡುಕಿ ಕೂಡಿಟ್ಟ ಫೇಜ್‌ಗಳ ದೊಡ್ಡ ಸಂಗ್ರಹ ಇತ್ತು. ಅದರಲ್ಲಿ ಹುಡುಕಿ ಮೂರು ಫೇಜ್‌ಗಳ ಮಿಶ್ರಣ ಮಾಡಿದರು. ಎರಡರ ಜೀನ್‌ಗಳನ್ನು ಸ್ವಲ್ಪ ತಿದ್ದಬೇಕಾಯಿತು. ಇದ್ದ ಹಾಗೆಯೇ ಕೆಲಸಕ್ಕೆ ಬಂದದ್ದು ಬದನೆಕಾಯಿಯ ಮಡ್ಡಿ. ಹುಡುಗಿಯ ಸ್ಥಿತಿ ಸುಧಾರಿಸಿತು. 2019ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಇದರ ವರದಿ ಬಂತು.

ಈ ಕಥೆ ಕೇಳಿ ನಿಮಗೆ ಹುಮ್ಮಸ್ಸು ಬಂದರೆ ಸಂತೋಷ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಅಂಥ ಕೋರ್ಸ್‌ಗಳಲ್ಲಿ ಸಾವಿರಗಟ್ಟಲೆ ಹುಡುಗ ಹುಡುಗಿಯರು ಫೇಜ್ ಹುಡುಕಿದ್ದಾರೆ. ಬಹುಪಾಲು ಫೇಜ್‌ಗಳು ಇವತ್ತಿಗೂ ಫ್ರೀಜರಿನಲ್ಲೇ ಇವೆ. ಲಿಲ್ಲಿಗೂ ಆ ದಿನ ಕೈಗೆ ಸಿಕ್ಕಿದ್ದು ಕೊಳೆತ ಬದನೆಕಾಯಿ, ಒಂದು ಪ್ಲೇಟು, ಪ್ಲೇಟಿನಲ್ಲಿ ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಕಡೆ ಒಂದಷ್ಟು ತೂತು. ಆ ತೂತು ನೋಡಿ ನಿಮಗೆ ಖುಷಿಯಾಗುತ್ತದಾ? ಅಷ್ಟಕ್ಕೇ ಖುಷಿ ಪಡುವವರು ಈ ಕೋರ್ಸಿಗೆ ಬರಬೇಕು. ಲಂಡನ್ನಿನ ಹುಡುಗಿ ಬೇಕೇ ಬೇಕು ಎನ್ನುವವರಿಗೆ ಇಲ್ಲಿ ಬೇಸರ ಬರುತ್ತದೆ.

ಈಗ ಪ್ರಶ್ನೆ ಆರಿಸುವ ವಿಷಯ. ನನ್ನ ಪ್ರಕಾರ ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಲ್ಯಾಬಿನಲ್ಲಿ ಅಲ್ಲ, ಪ್ರಶ್ನೆ ಬರೆಯುವ ದಿನವೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ನಮ್ಮ ಮಕ್ಕಳು ಬಂದು ಹೇಳುತ್ತಾರೆ, "ಟೀಚರ್, ನಾನು ಅಡಿಕೆಯ ಕೊಳೆರೋಗಕ್ಕೆ ಮದ್ದು ಕಂಡುಹಿಡಿಯುತ್ತೇನೆ." ಒಳ್ಳೆಯ ಆಸೆ. ಯಾಕೆ ಬರುತ್ತದೆ ಎಂದೂ ಗೊತ್ತು. ಆಷಾಢದಲ್ಲಿ ಮರದಡಿ ಉದುರಿ ಬಿದ್ದ ಎಳೆ ಅಡಿಕೆ ನೋಡುತ್ತಾ ಅಪ್ಪ ನಿಲ್ಲುವುದನ್ನು ನೋಡಿದ ಮಕ್ಕಳು ಇವರು. ಆದರೆ ಆ ಕೊಳೆರೋಗವನ್ನು ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ವಿವರವಾಗಿ ಅಭ್ಯಾಸ ಮಾಡಿ ಬರೆದದ್ದು 1910ರಲ್ಲಿ. ನೂರು ವರ್ಷ ಮೀರಿತು. ಇವತ್ತಿಗೂ ನಮ್ಮ ತೋಟದಲ್ಲಿ ಬಿಡುವುದು ಅದೇ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗೆ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಹೀಗಿರುವಾಗ ಒಂದು ಸೆಮಿಸ್ಟರಿನಲ್ಲಿ ನೀವು ಹೊಸ ಮದ್ದು ಕಂಡುಹಿಡಿಯುವುದಿಲ್ಲ. ಅದು ನಿಮ್ಮ ಕೊರತೆ ಅಲ್ಲ.

ಆದರೆ ಆ ಆಸೆಯನ್ನು ಬಿಡಬೇಡಿ, ಕತ್ತರಿಸಿ. ಎರಡನೇ ಸಲ ಮದ್ದು ಯಾವಾಗ ಬಿಡಬೇಕು ಎಂದು ಪ್ರತಿ ವರ್ಷ ಮನೆಯಲ್ಲಿ ಚರ್ಚೆ ಆಗುತ್ತದೆ ಅಲ್ವಾ? ಮಳೆ ಬಿಡುವುದಿಲ್ಲ, ಮರ ಏರುವವರು ಸಿಗುವುದಿಲ್ಲ, ದಿನ ಮುಂದೆ ಹೋಗುತ್ತದೆ. ಹಾಗಾದರೆ ನಿಮ್ಮ ಪ್ರಶ್ನೆ ಇದು: ಬೋರ್ಡೋ ಬಿಟ್ಟ ಅಡಿಕೆಯ ಮೇಲೆ ಎಷ್ಟು ಮಳೆ ಬಿದ್ದರೆ ಅದರ ಕಾವಲು ಕಡಿಮೆಯಾಗುತ್ತದೆ? ಎಳೆ ಅಡಿಕೆ ಕೊಯ್ದು ತನ್ನಿ. ಗುಂಪು ಮಾಡಿ. ಒಂದಕ್ಕೆ ಮದ್ದು ಇಲ್ಲ. ಉಳಿದವಕ್ಕೆ ಮದ್ದು. ಅಳತೆ ಮಾಡಿದ ನೀರನ್ನು ಮೇಲಿನಿಂದ ಸುರಿಯಿರಿ, ಒಂದೊಂದು ಗುಂಪಿಗೆ ಒಂದೊಂದು ಪ್ರಮಾಣ. ಆಮೇಲೆ ಎಲ್ಲಕ್ಕೂ ರೋಗ ತಾಗಿಸಿ. ದಿನವೂ ಕೊಳೆತದ್ದು ಎಷ್ಟು ಎಂದು ಎಣಿಸಿ. ಇಷ್ಟೇ. ಇದಕ್ಕೆ ಡಿಎನ್ಎ ಯಂತ್ರ ಬೇಡ. ಆದರೆ ರೋಗಕಾರಕ ಫೈಟಾಫ್ತೊರಾವನ್ನು ಬೇರೆ ಮಾಡಿ ಬೆಳೆಸಲು ಬರಬೇಕು. ಅದೇ ದೊಡ್ಡ ಕೆಲಸ. ನಾವು ರೂಢಿಯಲ್ಲಿ ಶಿಲೀಂಧ್ರ ಎನ್ನುತ್ತೇವೆ, ಅದು ನಿಜವಾದ ಶಿಲೀಂಧ್ರ ಅಲ್ಲ. ನೀರನ್ನು ನಂಬಿ ಬದುಕುವ ಬೇರೆಯೇ ಒಂದು ಪಂಗಡ. ತಟ್ಟೆಯಲ್ಲಿ ನಿಜವಾದ ಬೂಷ್ಟುಗಳು ಅದಕ್ಕಿಂತ ಬೇಗ ಬೆಳೆದು ಜಾಗ ಹಿಡಿಯುತ್ತವೆ. ಸೆಮಿಸ್ಟರಿನ ಅರ್ಧ ಅಲ್ಲಿಗೇ ಹೋದರೂ ಆಶ್ಚರ್ಯ ಇಲ್ಲ.

ಇದಕ್ಕಿಂತಲೂ ಸಣ್ಣದು ಬೇಕಾ? ಸೊಳ್ಳೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಲ್ಲುತ್ತದೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲಿ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಅಲ್ಲೇ ಮೊಟ್ಟೆ ಇಡುತ್ತದೆ. ಎರಡರಲ್ಲಿ ಯಾವುದರಲ್ಲಿ ಮರಿ ಜಾಸ್ತಿ? ನೆರಳಿನಲ್ಲಿ ಎಷ್ಟು, ಬಿಸಿಲಲ್ಲಿ ಎಷ್ಟು? ಮೊಟ್ಟೆಯಿಂದ ಸೊಳ್ಳೆ ಆಗಲು ವಾರ, ಹತ್ತು ದಿನ. ಮನೆಯ ಹಿಂದೆಯೇ ಎಣಿಸಬಹುದು. ದೂರದಿಂದ ಬರುವವರಿಗೆ, ಸಂಜೆ ಲ್ಯಾಬಿನಲ್ಲಿ ನಿಲ್ಲಲು ಆಗದವರಿಗೆ ಇಂಥ ಪ್ರಶ್ನೆಯೇ ಒಳ್ಳೆಯದು.

ಹಾಗೆಯೇ, ಯಾವುದು ಬೇಡ ಎಂದೂ ಗೊತ್ತಿರಬೇಕು. ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಎಲ್ಲರಿಗೂ ಗೊತ್ತು. ಅದರ ಬೇರು 1916ರಲ್ಲಿ ಮದ್ರಾಸ್ ಸರ್ಕಾರ ಶುರು ಮಾಡಿದ ತೆಂಗಿನ ಸಂಶೋಧನಾ ಕೇಂದ್ರದಲ್ಲಿದೆ. ತೆಂಗಿನ ಎತ್ತರದ ತಳಿಗೂ ಗಿಡ್ಡ ತಳಿಗೂ ಕ್ರಾಸ್ ಮಾಡಿ ಮಿಶ್ರತಳಿ ಮಾಡುವ ಕೆಲಸ ನೀಲೇಶ್ವರದಲ್ಲಿ 1932ರಲ್ಲೇ ನಡೆದಿತ್ತು, ಜೆ. ಎಸ್. ಪಟೇಲ್ ಅವರ ಕೈಯಲ್ಲಿ. ಹೆಮ್ಮೆಯ ಸಂಗತಿ. ಆದರೆ ತೆಂಗಿನ ಸಸಿ ಫಲ ಕೊಡಲು ವರ್ಷಗಳು ಬೇಕು. ಅಂಥ ಮರದ ತಳಿ ಅಭಿವೃದ್ಧಿಯನ್ನು ಆರು ತಿಂಗಳ ಪ್ರಾಜೆಕ್ಟಿಗೆ ತರಬೇಡಿ. ಜೀವಿಯ ಆಯುಸ್ಸು ನೋಡಿ ಪ್ರಶ್ನೆ ಹಾಕಿ.

'ನಮ್ಮಲ್ಲಿ ಏನಿದೆ, ಬೆಂಗಳೂರಿಗೆ ಹೋದರೆ ಮಾತ್ರ ರಿಸರ್ಚ್' ಎನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ನಮ್ಮ ಜಿಲ್ಲೆಯ ಪೆರಿಯದ ಮುರಕಲ್ಲಿನ ಹಾಸಿನಲ್ಲಿ ಮಳೆಗಾಲದಲ್ಲಿ ಹರಿಯುವ ತೋಡಿನಲ್ಲಿ ಬಿಳಿ ಹೂ ಬಿಡುವ ಒಂದು ಲಿಲ್ಲಿ ಇದೆ. ಹೆಸರು ಕ್ರೈನಮ್ ಮಲಬಾರಿಕಮ್. ಇದು ಹೊಸ ಪ್ರಭೇದ ಎಂದು 2012ರಲ್ಲಿ ಜಗತ್ತಿಗೆ ತಿಳಿಸಿದವರು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದವರು. ಅಲ್ಲಿಂದ ಇಲ್ಲಿಗೆ ಬಂದು ನೋಡಿದರು! 2023ರಲ್ಲಿ ನಮ್ಮ ಜಿಲ್ಲೆ ಅದನ್ನು ಜಿಲ್ಲೆಯ ಹೂ ಎಂದು ಸಾರಿತು. ಆಗಲೇ ಜಿಲ್ಲೆಯ ಜೀವಿ ಎಂದು ಸಾರಿದ, ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆಯನ್ನು ಸಂಶೋಧಕರು ಹುಡುಕಿದ್ದು ಹೊಳೆಬದಿಯ ಜನರನ್ನು ಕೇಳಿ ಕೇಳಿ. ನೀವು ಆ ಜನರ ಮನೆಯವರೇ. ಕೇಳಲು ನಿಮಗೆ ದುಭಾಷಿ ಬೇಡ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಏನೇ ಇರಲಿ, ನಿಮ್ಮಲ್ಲಿ ಹೆಚ್ಚಿನವರಿಗೆ ಮೂರಾದರೂ ಭಾಷೆ ಬರುತ್ತದೆ.

ಒಂದು ಭಾರದ ವಿಷಯ ಹೇಳದೆ ಮುಂದೆ ಹೋಗಲಾರೆ. ಪಡ್ರೆ. ಎಣ್ಮಕಜೆ ಪಂಚಾಯತಿನ ಆ ಊರಿನ ಬಗ್ಗೆ ಇಲ್ಲಿ ಯಾರಿಗೂ ವಿವರಿಸುವುದು ಬೇಡ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಗಳು ಮಾಮೂಲಿನಂತೆ ಇಲ್ಲ ಎಂದು ಗಮನಿಸಿ ಹೇಳಲು ಶುರು ಮಾಡಿದರು. 2001ರಲ್ಲಿ ದೆಹಲಿಯ ಒಂದು ಸಂಸ್ಥೆ ಪಡ್ರೆಯ ಸ್ಯಾಂಪಲ್ ಪರೀಕ್ಷಿಸಿ ವಿಷದ ಅಂಶ ಬಹಳ ಇದೆ ಎಂದಿತು. ತೋಟದ ಆಡಳಿತ ಮಾಡಿಸಿದ ಇನ್ನೊಂದು ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು. ಒಂದೇ ಊರು, ಎರಡು ಲ್ಯಾಬು, ಎರಡು ಉತ್ತರ. ಆಗ ಊರಿನವರು ಏನು ಮಾಡಬೇಕು ಹೇಳಿ?

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಊರಿನ ಮಕ್ಕಳನ್ನು ಮಾತ್ರ ನೋಡಲಿಲ್ಲ. 2003ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ತೋಟದ ಬುಡದ ಊರಿನ 117 ಹುಡುಗರಿದ್ದರು, ಸಿಂಪಡಣೆ ಇರದ ಕಡೆಯ 90 ಹುಡುಗರೂ ಇದ್ದರು. ಈ 90 ಜನ ಯಾಕೆ? ಹೋಲಿಸಲು. ನೀವು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ 'ಕಂಟ್ರೋಲ್' ಎಂದು ಯಾಂತ್ರಿಕವಾಗಿ ಬರೆಯುತ್ತೀರಲ್ಲ, ಅದು ಇದು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡಿತು. ಅಧ್ಯಯನದ ವಿಧಾನದ ಬಗ್ಗೆ ವಾದ ವಿವಾದವೂ ನಡೆಯಿತು. ವಾದ ಮಾಡಲು ಸಾಧ್ಯವಾದದ್ದು ವಿಧಾನವನ್ನು ಬರೆದಿಟ್ಟಿದ್ದರಿಂದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಲ್ಲೆಲ್ಲ ತಡೆಯಿತು. ಲ್ಯಾಬ್ ಕೆಲಸ ಗಂಭೀರವಾಗಿ ಕಲಿತ ಹತ್ತು ಮಕ್ಕಳು ಒಂದು ಊರಿನಲ್ಲಿದ್ದರೆ, ಎರಡು ವರದಿ ಎದುರು ಬಂದಾಗ "ಸ್ಯಾಂಪಲ್ ಯಾವಾಗ ತೆಗೆದಿರಿ, ಎಲ್ಲಿಂದ, ಎಷ್ಟು, ಹೋಲಿಸಿದ್ದು ಯಾವುದಕ್ಕೆ?" ಎಂದು ಕೇಳುತ್ತಾರೆ. ಅವರು ವಿಜ್ಞಾನಿಗಳೇ ಆಗಬೇಕೆಂದಿಲ್ಲ. ಪಂಚಾಯತ್ ಮೆಂಬರ್ ಆದರೂ ಸಾಕು.

ಸರಿ, ಮತ್ತೆ ನಿಮ್ಮ ಪ್ರಶ್ನೆಗೆ ಬರೋಣ. ಗೈಡ್ ಯಾರು ಎನ್ನುವುದು ಕೋರ್ಸಿನ ಹೆಸರಿಗಿಂತ ದೊಡ್ಡ ವಿಷಯ. ನಾನೂ ಟೀಚರ್, ಆದರೂ ಹೇಳುತ್ತೇನೆ. ಹೋಗಿ ನೇರವಾಗಿ ಕೇಳಿ: ನಿಮ್ಮ ಹತ್ತಿರ ಎಷ್ಟು ಮಂದಿ ವಿದ್ಯಾರ್ಥಿಗಳು? ವಾರಕ್ಕೆ ಒಮ್ಮೆ ಕೂತು ಮಾತಾಡುತ್ತೀರಾ? ರಿಸಲ್ಟ್ ಬಾರದೇ ಹೋದರೆ ಮಾರ್ಕ್ ಹೇಗೆ ಕೊಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಗಮನವಿಟ್ಟು ಕೇಳಿ. "ರಿಸಲ್ಟ್ ಬರಲೇಬೇಕು" ಎಂದು ಹೇಳುವ ಗೈಡ್ ಹತ್ತಿರ ಹೋದರೆ, ಸೆಮಿಸ್ಟರಿನ ಕೊನೆಗೆ ನೀವು ಸಂಖ್ಯೆ ಸೃಷ್ಟಿ ಮಾಡಲು ಶುರು ಮಾಡುತ್ತೀರಿ. ಅದು ಎಲ್ಲರಿಗೂ ಗೊತ್ತಿರುವ, ಯಾರೂ ಹೇಳದ ರೋಗ. ಕೊಳೆರೋಗಕ್ಕಾದರೂ ಬೋರ್ಡೋ ಇದೆ.

ಇನ್ನೊಂದು ಕೆಲಸ ಮಾಡಿ. ಲ್ಯಾಬ್ ಅಟೆಂಡರ್ ಅಣ್ಣನನ್ನೋ ಅಕ್ಕನನ್ನೋ ಕೇಳಿ. ಆಟೋಕ್ಲೇವ್ ನಡೆಯುತ್ತಾ ಉಂಟಾ? ತೂಕದ ಬ್ಯಾಲೆನ್ಸ್ ಕೊನೆಗೆ ಯಾವಾಗ ಸರಿ ಮಾಡಿಸಿದ್ದು? ಭಾನುವಾರ ಬೀಗದ ಕೈ ಯಾರ ಹತ್ತಿರ? ಪ್ರಾಸ್ಪೆಕ್ಟಸ್‌ನಲ್ಲಿ ಇರುವ ಲ್ಯಾಬ್ ಬೇರೆ, ಅವರಿಗೆ ಗೊತ್ತಿರುವ ಲ್ಯಾಬ್ ಬೇರೆ.

ಭಾಷೆಯ ಬಗ್ಗೆ. ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಬಹಳ ಇದ್ದೀರಿ. ಪಾಠ ಇಂಗ್ಲಿಷ್, ಲ್ಯಾಬಿನ ಮಾತು ಹೆಚ್ಚಾಗಿ ಮಲಯಾಳ, ಲೆಕ್ಕ ಹಾಕುವುದು ಮನಸ್ಸಿನಲ್ಲಿ ಕನ್ನಡದಲ್ಲಿ. ಇದರಿಂದಾಗಿ ತುಂಬಾ ಮಕ್ಕಳು "ನನಗೆ ಆಗಲಿಕ್ಕಿಲ್ಲ" ಎಂದು ಹಿಂದೆ ಸರಿಯುತ್ತಾರೆ. ಸರಿಯಬೇಡಿ. ಸಂಶೋಧನಾ ಪೇಪರ್ ಓದುವುದು ಮೊದಲ ತಿಂಗಳು ಯಾತನೆ, ಅದು ನಿಜ. ಆದರೆ ಒಂದೇ ವಿಷಯದ ಪೇಪರ್‌ಗಳಲ್ಲಿ ಬರುವ ಪದಗಳು ಅವೇ ಅವೇ. ಐದಾರು ಪೇಪರ್ ಓದಿದ ಮೇಲೆ ಓಟ ಬರುತ್ತದೆ. ನಿಮ್ಮ ರಫ್ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ. "ಇವತ್ತು ಬೆಳಿಗ್ಗೆ ಪ್ಲೇಟಿನಲ್ಲಿ ಹಳದಿ ಚುಕ್ಕೆ, ನಿನ್ನೆ ಇರಲಿಲ್ಲ, ಕಿಟಕಿ ತೆರೆದಿತ್ತು" ಎಂದು ಬರೆದರೆ ಅದು ಒಳ್ಳೆಯ ವಿಜ್ಞಾನ. ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಆ ಕಿಟಕಿಯ ಸಂಗತಿ ಬಿಟ್ಟು ಹೋದರೆ ನಷ್ಟ.

ಹುಡುಗಿಯರ ವಿಷಯ ಪ್ರತ್ಯೇಕ ಹೇಳಬೇಕು. ಬಯಾಲಜಿ ಕ್ಲಾಸಿನಲ್ಲಿ ನೀವೇ ಜಾಸ್ತಿ. ಮನೆಯಲ್ಲಿ "ಆರು ಗಂಟೆಯೊಳಗೆ ಬಾ" ಎಂದು ಹೇಳುತ್ತಾರೆ. ಅದಕ್ಕೆ ನೀವೊಬ್ಬರೇ ಮನೆಯವರ ಜೊತೆ ಜಗಳ ಮಾಡಬೇಕಾಗಿಲ್ಲ. ಇಬ್ಬರು ಮೂವರು ಒಟ್ಟಿಗೆ ಒಂದು ಪ್ರಾಜೆಕ್ಟ್ ತೆಗೆದುಕೊಂಡು ಸರದಿ ಹಾಕಿಕೊಳ್ಳಿ. ಹತ್ತಿರದವಳು ಸಂಜೆ, ದೂರದವಳು ಮಧ್ಯಾಹ್ನ. ಕಾಲೇಜಿನವರೂ ಇದನ್ನು ನೋಡಿ ಲ್ಯಾಬಿನ ಹೊತ್ತು ಇಡಬೇಕು. ಸಂಜೆ ಏಳಕ್ಕೆ ಬಾ ಎಂದು ಹೇಳಿ, ಬಾರದಿದ್ದರೆ ಆಸಕ್ತಿ ಇಲ್ಲ ಎಂದು ಬರೆಯುವುದು ನ್ಯಾಯ ಅಲ್ಲ. ಈ ಮಾತು ವೇದಿಕೆಯ ಮೇಲೆ ಕೂತವರಿಗೂ ಸೇರಿ ಹೇಳಿದ್ದು.

ಯಾರು ತೆಗೆದುಕೊಳ್ಳಬಾರದು? ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಕೆಲಸ ಹಿಡಿಯಲೇಬೇಕಾದ ಮನೆ ನಿಮ್ಮದಾಗಿದ್ದರೆ, ಮುಗಿಸಿ ಹೋಗಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಶಾಲೆ ಟೀಚರ್ ಆಗಬೇಕು, ಬಿ.ಎಡ್ ಮಾಡಬೇಕು ಎಂದು ಖಚಿತವಾಗಿ ಗೊತ್ತಿರುವವರಿಗೂ ಇದು ಬೇಕೇ ಬೇಕು ಅಂತಿಲ್ಲ. ಅದೇ ಸೆಮಿಸ್ಟರಿನಲ್ಲಿ ಎಂಎಸ್ಸಿ ಎಂಟ್ರೆನ್ಸಿಗೆ ಗಟ್ಟಿಯಾಗಿ ಓದುವವರು, ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಅರ್ಧ. ಪಿಎಚ್‌ಡಿ ಮನಸ್ಸಿನಲ್ಲಿ ಇರುವವರ ಲೆಕ್ಕ ಬೇರೆ. ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಇದ್ದವರು ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಆದರೆ ಐದು ವರ್ಷ ಲ್ಯಾಬಿನಲ್ಲಿ ಕಳೆಯುವ ಮೊದಲು ಐದು ತಿಂಗಳು ಕಳೆದು ನೋಡುವುದು ಬುದ್ಧಿವಂತಿಕೆ. "ನನಗೆ ಇದು ಆಗುವುದಿಲ್ಲ" ಎಂದು ಇಪ್ಪತ್ತೊಂದನೇ ವಯಸ್ಸಿನಲ್ಲಿ ಗೊತ್ತಾದರೆ ಅದೂ ಲಾಭವೇ.

ಎರಡರ ನಡುವೆ ತೂಗುತ್ತಿರುವವರಿಗೆ ಸಣ್ಣ ದಾರಿಗಳು ಉಂಟು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ. ಎರಡು ತಿಂಗಳು, ಬೇರೆ ಊರಿನ ಒಳ್ಳೆಯ ಲ್ಯಾಬಿನಲ್ಲಿ ಕೆಲಸ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ 'ಕ್ಯೂಬ್' ಎಂಬ ಕಾರ್ಯಕ್ರಮದಲ್ಲಿ ಮನೆಯಲ್ಲೇ ಸರಳ ಜೀವಿಗಳನ್ನು ಸಾಕಿ ಪ್ರಯೋಗ ಮಾಡುವ ಹುಡುಗರಿದ್ದಾರೆ. ಅದೂ ಬೇಡ ಎಂದರೆ, ಈ ರಜೆಯಲ್ಲಿ ಒಂದು ವಾರ ಯಾವುದಾದರೂ ಪ್ರಾಜೆಕ್ಟ್ ಮಾಡುವವರ ಹಿಂದೆ ಸುಮ್ನೆ ಹೋಗಿ ನಿಲ್ಲಿ. ಟೆಸ್ಟ್ ಟ್ಯೂಬ್ ತೊಳೆದುಕೊಡಿ, ಎಣಿಸಿಕೊಡಿ. ಮೂರನೇ ದಿನ ಮೊಬೈಲ್ ತೆಗೆದು ಟೈಮ್ ನೋಡುತ್ತೀರಾ, ಅಥವಾ ಟೈಮ್ ನೋಡುವುದು ಮರೆತು ಬಸ್ ತಪ್ಪಿಸಿಕೊಳ್ಳುತ್ತೀರಾ, ನೋಡಿ. ನಾನು ಹೇಳುವುದಕ್ಕಿಂತ ಅದು ಖಚಿತ.

ತೆಗೆದುಕೊಂಡವರು ಆ ಸೆಮಿಸ್ಟರಿನಲ್ಲಿ ಬೇರೆ ಏನನ್ನಾದರೂ ಬಿಡಿ. ಟ್ಯೂಷನ್ ಬಿಡಿ, ಕ್ವಿಜ್ ಟೀಮ್ ಬಿಡಿ, ಆಯ್ಕೆ ಮಾಡಲು ಬರುವ ಪೇಪರ್‌ಗಳಲ್ಲಿ ಹಗುರದ್ದನ್ನು ಆರಿಸಿ. ಯಕ್ಷಗಾನಕ್ಕೆ ಹೋಗುವುದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಬೆಳಗಾಗುವವರೆಗೆ ಆಟ ನೋಡಿ ಬಂದು ಹೆಣ್ಣು ನೊಣ ಆರಿಸಬೇಡಿ.

ನನ್ನ ಮಾತು ಇಷ್ಟೇ. ಇನ್ನು ನೀವು ಕೇಳಿ. ಪೆರ್ಲ, ಮುಳ್ಳೇರಿಯ ಕಡೆಯವರು ಮೊದಲು ಕೇಳಿಬಿಡಿ, ನಿಮಗೆ ಹೊತ್ತಾಗುತ್ತದೆ. ಪೇಟೆಯವರು ಸ್ವಲ್ಪ ಕಾಯಿರಿ.